ನಡುರಾತ್ರಿಯ ಸಂದೇಶ

ಹೊಸದೆಹಲಿಯ ಚಾಣಕ್ಯಪುರಿಯಲ್ಲಿ, ಶಾಂತಿಪಥವೆಂಬ ವಿಶಾಲವಾದ ರಾಜಮಾರ್ಗದ ಒಂದು ತುದಿಗೆ, ರಾಷ್ಟ್ರೀಯ ಪೊಲೀಸ್ ಸ್ಮಾರಕವಿದೆ. ಸುಮಾರು 30 ಅಡಿ ಎತ್ತರದ ಗ್ರಾನೈಟ್ ಶಿಲೆ ನಡುವೆ ನಿಂತಿದೆ. ಕರ್ತವ್ಯದಲ್ಲಿ ಮಡಿದವರ ಹೆಸರುಗಳನ್ನು ಹೊತ್ತ ಗೋಡೆಗಳು ಬದಿಯಲ್ಲಿವೆ. ಒಂದು ಭಾನುವಾರದ ಅಪರಾಹ್ಣ ಅಲ್ಲಿಂದ ಹೊರಟು, ರಾವ್ ತುಲಾರಾಮ್ ಮಾರ್ಗದಲ್ಲಿರುವ ದೆಹಲಿ ಕರ್ನಾಟಕ ಸಂಘದ ಕಡೆಗೆ ನಡೆಯುತ್ತ ಕನ್ನಡಿಗರಿಬ್ಬರು ಆಡಿದ ಮಾತುಗಳಿವು. ಒಬ್ಬರು ಬಹುಕಾಲ ಇತಿಹಾಸವನ್ನು ಬೋಧಿಸಿ ನಿವೃತ್ತರಾದವರು. ಇನ್ನೊಬ್ಬರು ತರುಣ ವಕೀಲರು. ಅವರ ತಮ್ಮ ಲಡಾಖಿನ ಗಡಿಯಲ್ಲಿ ಸೈನ್ಯದಲ್ಲಿದ್ದಾನೆ.

ಕಿರಿಯ: ಆ ಗೋಡೆಯ ಮುಂದೆ ನಿಂತಿದ್ದಾಗ ಮನಸ್ಸಿನಲ್ಲಿ ಎದ್ದ ಪ್ರಶ್ನೆಯೊಂದನ್ನು ತಮ್ಮಲ್ಲಿ ಕೇಳದೆ ಇರಲಾರೆ. 1959ರ ಅಕ್ಟೋಬರ್ 21ರಂದು ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿ, ಹಿಂದಿನ ದಿನ ಹೋಗಿ ಮರಳದಿದ್ದ ತಮ್ಮವರನ್ನು ಹುಡುಕಿಕೊಂಡು ಹೊರಟ ನಮ್ಮ ಪೊಲೀಸರ ಮೇಲೆ ಚೀನೀ ಸೈನಿಕರು ಗುಂಡಿನ ಮಳೆಗರೆದರು. ಹತ್ತು ಮಂದಿ ಅಲ್ಲಿಯೇ ಅಸುನೀಗಿದರು. ಆ ದಿನವನ್ನೇ ನಾವು ಪೊಲೀಸರ ಸ್ಮರಣದಿನವೆಂದು ಇಂದಿಗೂ ಆಚರಿಸುತ್ತೇವೆ. ಅದಕ್ಕೆ ಐದು ವರ್ಷ ಮುಂಚೆ, 1954ರ ಏಪ್ರಿಲಿನಲ್ಲಿ, ಪರಸ್ಪರ ಅನಾಕ್ರಮಣವನ್ನೂ ಶಾಂತಿಯುತ ಸಹಜೀವನವನ್ನೂ ಸಾರಿದ ಪಂಚಶೀಲದ ಒಪ್ಪಂದಕ್ಕೆ ಅದೇ ಚೀನಾ ರುಜು ಹಾಕಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲವೆಂದು ನಮ್ಮ ಹಿರಿಯರು ಹೇಳಿದರು. ನೆಹರೂ ಅವರಿಗಿಂತ ಮಾತು ಬಲ್ಲವರು ಆ ಕಾಲದಲ್ಲಿ ಯಾರಿದ್ದರು? ಆದರೂ ಜಗಳ ಬಂತು, ಸೋಲೂ ಬಂತು. ಹೀಗಿರುವಾಗ, ಬಲಾತ್ಕಾರಕ್ಕೆ ಸಿದ್ಧನಾದವನ ಎದುರಿನಲ್ಲಿ ರಾಯಭಾರದ ಮಾತು ದುರ್ಬಲರು ಹುಡುಕಿಕೊಂಡ ಮರೆಯೆಂದು ನಾನು ತಿಳಿದರೆ ತಪ್ಪೇನು?

ಹಿರಿಯ: ತಪ್ಪೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲಾರೆ, ಆ ಹತ್ತು ಮಂದಿಯ ಸಾವಿನ ಮುಂದೆ ನಿಂತು ಹಾಗೆ ಹೇಳುವ ಧೈರ್ಯ ಯಾರಿಗೂ ಬರಬಾರದು. ಆದರೆ ನಿಮ್ಮ ಮಾತಿನಲ್ಲಿ ಒಂದು ಗ್ರಹಿಕೆ ಅಡಗಿದೆ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ರಾಯಭಾರವೆಂದರೆ ನಮ್ಮ ಇಂಗಿತವನ್ನು ಎದುರಾಳಿಗೆ ಸೊಗಸಾಗಿ ತಿಳಿಸುವ ವಿದ್ಯೆ ಎಂದು ನೀವು ಎಣಿಸಿದ್ದೀರಿ. ನನ್ನ ದೃಷ್ಟಿಯಲ್ಲಿ ಅದರ ಹೆಚ್ಚಿನ ಪಾಲು ಇದಕ್ಕೆ ವಿಪರೀತವಾದದ್ದು: ಎದುರಾಳಿಯ ಮನಸ್ಸಿನಲ್ಲಿರುವುದನ್ನು, ಅದು ನಮಗೆ ಎಷ್ಟೇ ಅಪ್ರಿಯವಾಗಿರಲಿ, ಕೂಡಿಸದೆ ಕಳೆಯದೆ ನಮ್ಮ ರಾಜಧಾನಿಗೆ ತಂದು ಮುಟ್ಟಿಸುವುದು, ಮತ್ತು ತಂದದ್ದನ್ನು ರಾಜಧಾನಿ ಕಿವಿಗೊಟ್ಟು ಕೇಳುವಂತೆ ಮಾಡುವುದು. ದಂಡಯಾತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು, ಬಂದ ಸಂದೇಶವನ್ನು ನಂಬದವರು ಮಾಡಿದ ಕಾರ್ಯಗಳೆಂದು ನನಗೆ ತೋರುತ್ತದೆ.

ಕಿರಿಯ: ತಾವು ಬಹು ದೂರ ಹೋಗುವುದಕ್ಕೆ ಮುಂಚೆ ನಮ್ಮ ಕಡೆಯ ಉದಾಹರಣೆಯೊಂದನ್ನೇ ಮುಂದಿಡುತ್ತೇನೆ. ಗೋವೆಯ ಬಿಡುಗಡೆಗಾಗಿ ನಾವು ಹದಿನಾಲ್ಕು ವರ್ಷ ಮಾತಾಡಿದೆವು. ಲಿಸ್ಬನ್ನಿನಲ್ಲಿ ನಮ್ಮ ರಾಯಭಾರ ಕಚೇರಿಯಿತ್ತು. ಗೋವೆಯನ್ನಾಳುತ್ತಿದ್ದ ಪೋರ್ಚುಗಲ್ಲಿನ ಸರ್ವಾಧಿಕಾರಿ ಸಾಲಾಜಾರ್ ಮಾತಿಗೇ ಒಪ್ಪದೆ ಹೋದುದರಿಂದ 1953ರಲ್ಲಿ ಅದನ್ನು ಮುಚ್ಚಿದ್ದಾಯಿತು. 1955ರ ಆಗಸ್ಟ್ 15ರಂದು ಗಡಿ ದಾಟಿದ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಕಟ್ಟಕಡೆಗೆ 1961ರ ಡಿಸೆಂಬರಿನಲ್ಲಿ ಸೈನ್ಯ ಹೊರಟಿತು; ಸುಮಾರು 36 ಗಂಟೆಗಳಲ್ಲಿ ನಾಲ್ಕೂವರೆ ಶತಮಾನಗಳ ಆಳ್ವಿಕೆ ಮುಗಿಯಿತು. ನಮ್ಮ ಕಾರವಾರದ ಎದುರಿಗಿರುವ ಅಂಜದೀವದಲ್ಲಿ ಏಳು ಮಂದಿ ನಾವಿಕರು ಪ್ರಾಣ ಕೊಟ್ಟರು. ಹದಿನಾಲ್ಕು ವರ್ಷದ ಮಾತು ಮಾಡದ್ದನ್ನು ಒಂದೂವರೆ ದಿನದ ದಂಡ ಮಾಡಿತಲ್ಲವೆ?

ಹಿರಿಯ: ಮಾಡಿತು, ಮತ್ತು ಅದಕ್ಕಾಗಿ ನಾನು ಎಂದೂ ನಾಚಿದವನಲ್ಲ. ಆದರೆ ಅಲ್ಲಿ ಕಿವುಡರಾಗಿದ್ದವರು ಯಾರು? ವಸಾಹತುಗಳ ಕಾಲ ಮುಗಿಯಿತೆಂಬ ಮಾತನ್ನು ಭಾರತ ಹೇಳಿತು, ಗೋವೆಯ ಜನ ಸೆರೆಮನೆಗೆ ಹೋಗಿ ಹೇಳಿದರು. ಸಾಲಾಜಾರ್ ಅದನ್ನು ಕೇಳಲಿಲ್ಲ, ಕೇಳದುದರ ಫಲವನ್ನು ಉಂಡರು. ಇನ್ನೊಂದನ್ನೂ ಗಮನಿಸಿ. ಡಿಸೆಂಬರ್ 18ರಂದು ಭದ್ರತಾ ಮಂಡಳಿಯಲ್ಲಿ, ಭಾರತ ಯುದ್ಧ ನಿಲ್ಲಿಸಿ ಸೇನೆಯನ್ನು ಹಿಂದೆಗೆದುಕೊಳ್ಳಬೇಕೆಂಬ ನಿರ್ಣಯ ಬಂದಾಗ ಅದನ್ನು ತಡೆದದ್ದು ಸೋವಿಯತ್ ಒಕ್ಕೂಟದ ನಿಷೇಧಾಧಿಕಾರ. ಆ ಸ್ನೇಹ ಆ ಬೆಳಗ್ಗೆ ಹುಟ್ಟಿದ್ದಲ್ಲ, ವರ್ಷಗಳ ರಾಯಭಾರದಿಂದ ಬೆಳೆದದ್ದು. ಸೈನ್ಯ 36 ಗಂಟೆ ನಡೆಯಿತು ನಿಜ. ಅದು ನಡೆದ ದಾರಿಯನ್ನು ಸಮಮಾಡುವುದಕ್ಕೆ ಹದಿನಾಲ್ಕು ವರ್ಷ ಹಿಡಿದಿತ್ತು. ಆದರೂ ಗೋವೆಯ ಸುಲಭವಾದ ಜಯ ದೆಹಲಿಯ ಮನಸ್ಸಿಗೆ ಒಳ್ಳೆಯದನ್ನು ಮಾಡಲಿಲ್ಲವೆಂಬುದು ನನ್ನ ಅಭಿಪ್ರಾಯ. ಅದರ ವಿಚಾರಕ್ಕೆ ಆಮೇಲೆ ಬರೋಣ. ಮೊದಲು ಕೊರಿಯಾದ ಕಥೆಯನ್ನು ಹೇಳಲು ಅನುಮತಿ ಕೊಡಿ, ಏಕೆಂದರೆ ನಾನು ಹೇಳಬೇಕಾದುದೆಲ್ಲ ಅದರಲ್ಲಿದೆ, ಮತ್ತು ಅದರಲ್ಲಿ ಕನ್ನಡ ನಾಡಿನವರಿಬ್ಬರು ಪಾತ್ರ ವಹಿಸಿದ್ದಾರೆ.

ಕಿರಿಯ: ಒಬ್ಬರು ಜನರಲ್ ತಿಮ್ಮಯ್ಯನವರಿರಬೇಕು. ಇನ್ನೊಬ್ಬರು?

ಹಿರಿಯ: ಮಂಗಳೂರಿನಲ್ಲಿ 1887ರಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು. ನಮ್ಮ ಸಂವಿಧಾನ ಸಭೆಯ ಸಲಹೆಗಾರರೆಂದು ಅವರನ್ನು ಕೆಲವರಾದರೂ ನೆನೆಯುತ್ತಾರೆ; ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ ಅವರು ಮಾಡಿದ ಕೆಲಸವನ್ನು ನೆನೆಯುವವರು ವಿರಳ. 1950ರ ಜೂನ್ 25ರಂದು ಉತ್ತರ ಕೊರಿಯಾದ ಸೈನ್ಯ 38ನೆಯ ಅಕ್ಷಾಂಶವನ್ನು ದಾಟಿ ದಕ್ಷಿಣದ ಮೇಲೆ ಬಿದ್ದಾಗ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದವರು ಅವರೇ. ಆಕ್ರಮಣವನ್ನು ಆಕ್ರಮಣವೆಂದು ಕರೆಯಲು ಭಾರತ ಹಿಂಜರಿಯಲಿಲ್ಲ; ಅಂದಿನ ನಿರ್ಣಯಕ್ಕೆ ರಾಯರು ಮತವಿತ್ತರು. ದಕ್ಷಿಣ ಕೊರಿಯಾದ ರಕ್ಷಣೆಗೆ ನೆರವಾಗಬೇಕೆಂಬ ಮುಂದಿನ ನಿರ್ಣಯವನ್ನೂ ದೆಹಲಿ ಒಪ್ಪಿತು, ಆದರೆ ಕಾದಾಡುವ ಸೈನ್ಯವನ್ನು ಕಳುಹಿಸದೆ ಗಾಯಾಳುಗಳ ಶುಶ್ರೂಷೆಗೆಂದು ವೈದ್ಯದಳವೊಂದನ್ನು ಕಳುಹಿಸಿತು. ಇದು ಹೇಡಿತನವಲ್ಲ. ಆ ಯುದ್ಧದಲ್ಲಿ ಎರಡೂ ಪಕ್ಷಗಳೊಡನೆ ಮಾತಾಡಬಲ್ಲವನೊಬ್ಬನಾದರೂ ಉಳಿದಿರಬೇಕೆಂಬ ವಿವೇಕ ಅದರ ಹಿಂದಿತ್ತು.

ಸೆಪ್ಟೆಂಬರ್ 15ರಂದು ಅಮೆರಿಕದ ಸೇನೆ ಇಂಚಾನಿನ ರೇವಿನಲ್ಲಿ ಇಳಿಯಿತು. ತಿಂಗಳು ಮುಗಿಯುವಷ್ಟರಲ್ಲಿ ಸೋಲ್ ನಗರ ಮರಳಿ ಕೈಸೇರಿತು. ಆಕ್ರಮಣಕಾರರು ಚದುರಿ ಹಿಂದಕ್ಕೆ ಓಡಿದರು. ಯಾವ ಉದ್ದೇಶಕ್ಕೆ ಯುದ್ಧ ಆರಂಭವಾಯಿತೋ ಅದು ಅಲ್ಲಿಗೆ ಸಿದ್ಧಿಸಿತ್ತು. ಆದರೆ ಗೆಲ್ಲುತ್ತಿರುವವನಿಗೆ ನಿಲ್ಲುವುದು ಕಷ್ಟ. ಅಕ್ಷಾಂಶವನ್ನು ದಾಟಿ, ಚೀನಾದ ಗಡಿಯಾದ ಯಾಲು ನದಿಯವರೆಗೂ ಹೋಗಿ ಕೊರಿಯಾವನ್ನೆಲ್ಲ ಒಂದುಮಾಡಿಬಿಡೋಣವೆಂಬ ಆಸೆ ಹುಟ್ಟಿತು. ಆಗಲೇ, ಅಕ್ಟೋಬರ್ 2ರ ರಾತ್ರಿ, ಪೀಕಿಂಗಿನಲ್ಲಿ ನಮ್ಮ ರಾಯಭಾರಿಯಾಗಿದ್ದ ಸರ್ದಾರ್ ಕೆ. ಎಂ. ಪಣಿಕ್ಕರರನ್ನು ನಿದ್ದೆಯಿಂದೆಬ್ಬಿಸಿ, ಪ್ರಧಾನಿ ಚೌ ಎನ್‌ಲಾಯ್ ಅವರು ಈ ಕ್ಷಣವೇ ಕಾಣಬಯಸುತ್ತಾರೆಂದು ತಿಳಿಸಿದರು. ನಡುರಾತ್ರಿ ಕಳೆದ ಮೇಲೆ ನಡೆದ ಆ ಭೇಟಿಯಲ್ಲಿ ಚೌ ಹೇಳಿದ್ದು ಇಷ್ಟು: ದಕ್ಷಿಣ ಕೊರಿಯಾದವರು ಮಾತ್ರ ರೇಖೆಯನ್ನು ದಾಟಿದರೆ ಅದು ಬೇರೆಯ ಮಾತು, ಅಮೆರಿಕದ ಸೇನೆ ದಾಟಿದರೆ ಚೀನಾ ಯುದ್ಧಕ್ಕೆ ಇಳಿಯುತ್ತದೆ. ಅಮೆರಿಕದೊಡನೆ ಚೀನಾಕ್ಕೆ ರಾಯಭಾರ ಸಂಬಂಧವಿರಲಿಲ್ಲವಾದ್ದರಿಂದ ಈ ಎಚ್ಚರಿಕೆಯನ್ನು ಮುಟ್ಟಿಸಲು ಭಾರತವೇ ದಾರಿಯಾಗಿತ್ತು. ಪಣಿಕ್ಕರರ ತಂತಿ ದೆಹಲಿಗೆ ಬಂತು. ದೆಹಲಿಯಿಂದ ಲಂಡನ್ನಿಗೂ ವಾಷಿಂಗ್ಟನ್ನಿಗೂ ಹೋಯಿತು.

ಕಿರಿಯ: ಅವರು ನಂಬಲಿಲ್ಲವೆಂದು ಓದಿದ್ದೇನೆ.

ಹಿರಿಯ: ನಂಬಲಿಲ್ಲ. ಪಣಿಕ್ಕರರು ಕಮ್ಯೂನಿಸ್ಟರ ಕಡೆಗೆ ವಾಲಿದವರು, ಚೀನಾ ಬೆದರಿಕೆ ಹಾಕುತ್ತಿದೆ ಅಷ್ಟೆ ಎಂದುಕೊಂಡರು. ಅಕ್ಟೋಬರ್ 7ರಂದು ಸಾಮಾನ್ಯ ಸಭೆ ಉತ್ತರದ ಪ್ರವೇಶಕ್ಕೆ ಸಮ್ಮತಿ ನೀಡುವ ನಿರ್ಣಯವನ್ನು 47 ಮತಗಳಿಂದ ಅಂಗೀಕರಿಸಿತು. ವಿರುದ್ಧವಾಗಿ 5 ಮತಗಳು ಬಿದ್ದವು, ಮತವೀಯದೆ ಉಳಿದ 7 ರಾಷ್ಟ್ರಗಳಲ್ಲಿ ಭಾರತ ಒಂದು. ಇಲ್ಲಿಗೆ ನಿಂತರೆ ಒಳ್ಳೆಯದೆಂಬ ನರಸಿಂಗ ರಾಯರ ಮಾತು ಗೆಲುವಿನ ಉತ್ಸಾಹದಲ್ಲಿ ಕೇಳಿಸಲಿಲ್ಲ. ಎಂಟು ದಿನ ಕಳೆದು ವೇಕ್ ದ್ವೀಪದಲ್ಲಿ ಜನರಲ್ ಮ್ಯಾಕಾರ್ಥರ್ ತಮ್ಮ ಅಧ್ಯಕ್ಷ ಟ್ರೂಮನ್ನರಿಗೆ, ಚೀನೀಯರು ಬರುವ ಸಂಭವ ಬಹಳ ಕಡಿಮೆಯೆಂದು ಭರವಸೆಯಿತ್ತರು. ಅದೇ ವಾರ ಚೀನೀ ಸೈನ್ಯ ಯಾಲು ನದಿಯನ್ನು ದಾಟತೊಡಗಿತ್ತು. ನವೆಂಬರಿನ ಕೊನೆಗೆ ಅದು ಮೇಲೆರಗಿದ ರಭಸಕ್ಕೆ ಗೆದ್ದ ನೆಲವೆಲ್ಲ ಕೈಬಿಟ್ಟಿತು. 1951ರ ಜನವರಿ 4ರಂದು ಸೋಲ್ ಮತ್ತೊಮ್ಮೆ ಬಿದ್ದಿತು. ಅಲ್ಲಿಂದ ಎರಡೂವರೆ ವರ್ಷ ಕಾದಾಡಿದರು. ಅಮೆರಿಕದವರೇ 36,000ಕ್ಕೆ ಮಿಕ್ಕಿ ಸತ್ತರು. ಕೊರಿಯಾದವರೂ ಚೀನೀಯರೂ ಲಕ್ಷಗಳ ಲೆಕ್ಕದಲ್ಲಿ ಸತ್ತರು. 1953ರ ಜುಲೈ 27ರಂದು ಯುದ್ಧವಿರಾಮವಾದಾಗ ಎರಡು ಸೇನೆಗಳ ನಡುವಣ ರೇಖೆ ಮೊದಲಿದ್ದ ಗೆರೆಯ ಆಸುಪಾಸಿನಲ್ಲಿಯೇ ಇತ್ತು. ಆ ನಡುರಾತ್ರಿಯ ಮಾತನ್ನು ಕೇಳಿದ್ದರೆ ಅವರಲ್ಲಿ ಎಷ್ಟು ಜನ ಮನೆಗೆ ಮರಳುತ್ತಿದ್ದರೆಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಿರಿಯ: ತಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ವಕೀಲನಾಗಿ ಒಂದು ಆಕ್ಷೇಪವನ್ನು ಎತ್ತಲೇಬೇಕು. ಮುಂದೇನಾಯಿತೆಂಬುದು ಈಗ ನಮಗೆ ಗೊತ್ತಿದೆ, ಆ ದಿನ ಅವರಿಗೆ ಗೊತ್ತಿರಲಿಲ್ಲ. ಶತ್ರುವಿನ ಬಾಯಿಂದ ಹೊರಟು, ಮೂರನೆಯವರ ಕೈಯಿಂದ ಬಂದ ಮಾತು ಬರಿಯ ಬೆದರಿಕೆಯೋ ನಿಶ್ಚಯವೋ ಎಂದು ತಿಳಿಯುವುದು ಹೇಗೆ? ಬಂದ ಬೆದರಿಕೆಗೆಲ್ಲ ಹಿಂಜರಿಯುವ ರಾಜ್ಯ ಬಹುಕಾಲ ಬಾಳದು.

ಹಿರಿಯ: ಈ ಪ್ರಶ್ನೆಯನ್ನು ಕೇಳಿದ್ದಕ್ಕೆ ನಿಮಗೆ ಕೃತಜ್ಞನಾಗಿದ್ದೇನೆ, ಇಡೀ ವಿಷಯದ ಮರ್ಮವೇ ಇದು. ಯಾವ ಗ್ರಂಥದಲ್ಲಿಯೂ ಇದಕ್ಕೆ ಸಿದ್ಧವಾದ ಉತ್ತರವಿಲ್ಲ. ಆದರೆ ಪರೀಕ್ಷಿಸುವ ದಾರಿಗಳುಂಟು. ಅದೇ ಪಣಿಕ್ಕರರು ಕೆಲವು ವಾರಗಳ ಹಿಂದೆ, ಚೀನಾ ಯುದ್ಧಕ್ಕೆ ಇಳಿಯುವ ಲಕ್ಷಣ ಕಾಣುವುದಿಲ್ಲವೆಂದು ವರದಿ ಮಾಡಿದ್ದರು. ತನ್ನ ಹಿಂದಿನ ಅಭಿಪ್ರಾಯವನ್ನು ತಾನೇ ಅಳಿಸಿ, ಇಲ್ಲ, ಇವರು ಬರುತ್ತಾರೆ ಎಂದು ಬರೆಯುವ ದೂತನ ಮಾತಿಗೆ ಇಮ್ಮಡಿ ತೂಕವಿರಬೇಕಾಗಿತ್ತು. ಅವರ ಒಲವು ಎತ್ತ ಕಡೆಗೆಂದು ಚರ್ಚಿಸುವುದರಲ್ಲಿ ವಾಷಿಂಗ್ಟನ್ ಈ ಒಂದು ಅಂಶವನ್ನು ಕಾಣದೆ ಹೋಯಿತು. ಇನ್ನೊಂದು, ಚೌ ಅವರ ಮಾತಿನ ಆಕಾರ. ಬರಿಯ ಗರ್ಜನೆ ಮಾಡುವವನು ಎಲ್ಲವನ್ನೂ ಬೇಡವೆನ್ನುತ್ತಾನೆ. ಇವರು ದಕ್ಷಿಣದವರು ದಾಟಬಹುದು, ಅಮೆರಿಕದವರು ದಾಟಕೂಡದು ಎಂದು ವಿಂಗಡಿಸಿ ಹೇಳಿದರು. ಹಾಗೆ ವಿಂಗಡಿಸುವವನು ಒಳಗೆ ಲೆಕ್ಕಹಾಕಿ ಮುಗಿಸಿದ್ದಾನೆ. ನೀವು ನ್ಯಾಯಾಲಯದಲ್ಲಿ ಸಾಕ್ಷಿಯ ಮಾತನ್ನು ಹೀಗೆಯೇ ಅಲ್ಲವೆ ತೂಗುವುದು?

ಕಿರಿಯ: ಹೌದು, ಸಾಕ್ಷಿಯ ನಡತೆಗಿಂತ ಸಾಕ್ಷ್ಯದ ಹೆಣಿಗೆ ಮುಖ್ಯ. ಒಪ್ಪಿದೆ.

ಹಿರಿಯ: ಈ ಬಡಾವಣೆಗೆ ಯಾರ ಹೆಸರನ್ನಿಟ್ಟಿದ್ದೇವೋ ಆ ಆಚಾರ್ಯನ ಅರ್ಥಶಾಸ್ತ್ರ, ಶತಮಾನಗಳ ಕಾಲ ಕಣ್ಮರೆಯಾಗಿದ್ದದ್ದು, ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಗರಿಗಳ ನಡುವೆ ರುದ್ರಪಟ್ಟಣದ ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅವರಿಂದಲೇ ಮುದ್ರಣಗೊಂಡಿತು. ಕೌಟಿಲ್ಯನನ್ನು ಕ್ರೂರನೆನ್ನುವವರು ಬಹಳ. ಆದರೆ ಸಂಧಿ, ವಿಗ್ರಹ ಎರಡರಿಂದಲೂ ಸಮವಾದ ಲಾಭವಿದ್ದರೆ ಸಂಧಿಯನ್ನೇ ಹಿಡಿಯತಕ್ಕದ್ದು, ವಿಗ್ರಹದಲ್ಲಿ ಕ್ಷಯ, ವ್ಯಯ, ಪ್ರವಾಸ, ಪ್ರತ್ಯವಾಯಗಳಿವೆ ಎಂದು ವಿಧಿಸಿದವನೂ ಅವನೇ. ರಾಜರು ದೂತರ ಬಾಯಿಂದ ಮಾತಾಡುವವರು, ದೂತನು ತಂದದ್ದು ಪರರ ಮಾತು, ಆದುದರಿಂದ ಅವನು ಅವಧ್ಯನೆಂದು ವಿಧಿಸುವಾಗ ಅವನು ಬರಿಯ ದಯೆಯಿಂದ ಹಾಗೆ ಹೇಳಿದ್ದಲ್ಲವೆಂದು ನನ್ನ ನಂಬಿಕೆ. ಅಪ್ರಿಯವನ್ನು ತಂದವನಿಗೆ ಅಪಾಯವಿದ್ದರೆ ರಾಜನ ಕಿವಿಗೆ ಪ್ರಿಯವಾದದ್ದು ಮಾತ್ರ ಬಂದು ಬೀಳುತ್ತದೆ, ಅಂಥ ರಾಜನು ಕುರುಡನಾಗಿ ಯುದ್ಧಕ್ಕೆ ಹೋಗುತ್ತಾನೆ.

ಕಿರಿಯ: ತಿಮ್ಮಯ್ಯನವರ ಪಾತ್ರವನ್ನು ತಾವು ಇನ್ನೂ ಹೇಳಲಿಲ್ಲ.

ಹಿರಿಯ: ಅದನ್ನು ಹೇಳುವುದೇ ಒಂದು ಸಂತೋಷ. ಯುದ್ಧವಿರಾಮದ ಸಂಧಾನ 1951ರ ಜುಲೈಯಲ್ಲಿ ಮೊದಲಾಗಿ ಎರಡು ವರ್ಷ ಎಳೆಯಿತು. ಗಂಟು ಬಿದ್ದದ್ದು ಮುಖ್ಯವಾಗಿ ಯುದ್ಧಬಂಧಿಗಳ ವಿಷಯದಲ್ಲಿ: ತಾಯ್ನಾಡಿಗೆ ಮರಳಲೊಲ್ಲದ ಬಂಧಿಗಳನ್ನು ಏನು ಮಾಡಬೇಕು? ಭಾರತದ ಕರಡನ್ನು ಆಧರಿಸಿದ ನಿರ್ಣಯವೊಂದು 1952ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಅಂಗೀಕೃತವಾಯಿತು. ಮರುವರ್ಷದ ಒಪ್ಪಂದಕ್ಕೆ ಅದೇ ತಳಹದಿಯಾಯಿತು. ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಕೆ. ಎಸ್. ತಿಮ್ಮಯ್ಯನವರು ಅಧ್ಯಕ್ಷರಾದರು. ಬಂಧಿಗಳನ್ನು ಕಾಯಲು ಮೇಜರ್ ಜನರಲ್ ತೋರಾತರ ಮುಂದಾಳುತನದಲ್ಲಿ ಭಾರತದ ಸೈನಿಕರು ಹೋದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ, ಭಾರತೀಯರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದರು; ಆದ್ದರಿಂದ ಸಾವಿರಾರು ಮಂದಿಯನ್ನು ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ಎತ್ತಿ ನಿಸ್ಸೈನ್ಯ ವಲಯದಲ್ಲಿ ಇಳಿಸಬೇಕಾಯಿತು. ಅಲ್ಲಿ ಅವರು ಕಟ್ಟಿದ ಶಿಬಿರಕ್ಕೆ ಹಿಂದ್ ನಗರವೆಂದು ಹೆಸರಾಯಿತು.

ಅಲ್ಲಿದ್ದ ಇಪ್ಪತ್ತೆರಡು ಸಾವಿರಕ್ಕೆ ಮಿಕ್ಕಿದ ಬಂಧಿಗಳು ಸಾಧುಗಳಾಗಿರಲಿಲ್ಲ. ಅವರವರಲ್ಲಿಯೇ ಗುಪ್ತಪಂಗಡಗಳಿದ್ದುವು, ಮರಳಬಯಸಿದವನನ್ನು ಬೆದರಿಸುವವರಿದ್ದರು. ಒಮ್ಮೆ ನಮ್ಮ ಮೇಜರೊಬ್ಬರನ್ನು ಬಂಧಿಗಳು ತಮ್ಮ ಆವರಣದೊಳಕ್ಕೆ ಎಳೆದುಕೊಂಡು ಹೋಗಿ ಹಿಡಿದಿಟ್ಟರು. ಹೊರಗೆ ಬಂದೂಕುಗಳು ಸಿದ್ಧವಾಗಿದ್ದುವು. ತೋರಾತರು ಆಯುಧವಿಲ್ಲದೆ ಆ ಸಾವಿರಾರು ಜನರ ನಡುವೆ ನಡೆದು ಹೋದರು, ಮಾತಾಡಿದರು, ತಮ್ಮ ಅಧಿಕಾರಿಯನ್ನು ಬಿಡಿಸಿಕೊಂಡು ಬಂದರು. ಅಕ್ಟೋಬರಿನ ಮೊದಲ ದಿನಗಳಲ್ಲಿ ಹಾಗಾಗಲಿಲ್ಲ: ಬಂಧಿಗಳು ಬೇಲಿಗೆ ನುಗ್ಗಿದರು, ನಮ್ಮವರು ಗುಂಡು ಹಾರಿಸಬೇಕಾಯಿತು, ಕೆಲವರು ಸತ್ತರು. ಇದನ್ನು ಮುಚ್ಚಿಡಲಾರೆ. ಸಾಮದಿಂದ ಸಾಧ್ಯವಾದದ್ದನ್ನೂ ಸಾಧ್ಯವಾಗದೆ ಹೋದದ್ದನ್ನೂ ಒಂದೇ ವಾರದಲ್ಲಿ, ಒಂದೇ ಬೇಲಿಯ ಬಳಿ ಕಂಡವರು ಅವರು. ಕೊನೆಗೆ ಆ ಕಡೆಗೂ ಹೋಗಲೊಲ್ಲದೆ ಈ ಕಡೆಗೂ ಹೋಗಲೊಲ್ಲದೆ ಉಳಿದ 88 ಮಂದಿಯನ್ನು 1954ರಲ್ಲಿ ಭಾರತಕ್ಕೇ ಕರೆತಂದರು. ಇದೇ ದೆಹಲಿಯ ದಂಡುಪ್ರದೇಶದಲ್ಲಿ ಅವರು ಕೆಲಕಾಲ ಇದ್ದರು. ಅವರಲ್ಲಿ ಬಹುಮಂದಿ ಆಮೇಲೆ ಬ್ರೆಜಿಲಿಗೂ ಅರ್ಜೆಂಟೀನಕ್ಕೂ ಹೋದರು.

ಕಿರಿಯ: ನನ್ನ ತಮ್ಮ ಮಡಿಕೇರಿಗೆ ಹೋಗಿದ್ದಾಗ ತಿಮ್ಮಯ್ಯನವರು ಬೆಳೆದ ಸನ್ನಿಸೈಡ್ ಮನೆಯನ್ನು ನೋಡಿ ಬಂದ, 2021ರಿಂದ ಅದು ಸಂಗ್ರಹಾಲಯವಾಗಿದೆಯಷ್ಟೆ. ಆದರೆ ಕೊರಿಯಾದಲ್ಲಿ ಇಷ್ಟು ಕಲಿತ ಭಾರತ, ಅದೇ ಚೌ ಎನ್‌ಲಾಯ್ ಅವರೊಡನೆ ತನ್ನ ವ್ಯವಹಾರ ಬಂದಾಗ ಏನು ಮಾಡಿತು? ನನ್ನ ಮೊದಲ ಪ್ರಶ್ನೆ ಅಲ್ಲಿಯೇ ಉಳಿದಿದೆ.

ಹಿರಿಯ: ಅಲ್ಲಿಗೇ ಬರುತ್ತಿದ್ದೆ. ನಾನು ಕೊರಿಯಾದ ಕಥೆ ಹೇಳಿದ್ದು ಅಮೆರಿಕವನ್ನು ದೂರುವುದಕ್ಕಲ್ಲ. ಹತ್ತು ವರ್ಷ ಕಳೆದು ನಾವೂ ಹಾಗೆಯೇ ಮಾಡಿದೆವು. 1960ರ ಏಪ್ರಿಲ್ 19ರಂದು ಚೌ ದೆಹಲಿಗೆ ಬಂದರು. ಒಂದು ವಾರ ಇದ್ದರು. ನೆಹರೂ ಅವರೊಡನೆ ಸುಮಾರು ಇಪ್ಪತ್ತು ಗಂಟೆ ಮಾತಾಡಿದರು, ಸಚಿವರಾಗಿದ್ದ ಪಂತರನ್ನೂ ಮೊರಾರ್ಜಿ ದೇಸಾಯಿಯವರನ್ನೂ ಪ್ರತ್ಯೇಕವಾಗಿ ಕಂಡರು. ಪೂರ್ವದಲ್ಲಿ ಈಗಿರುವ ಗೆರೆಯನ್ನು ನಾವು ಒಪ್ಪುತ್ತೇವೆ, ಪಶ್ಚಿಮದಲ್ಲಿ ಅಕ್ಸಾಯ್ ಚಿನ್ನಿನಲ್ಲಿ ನಾವಿರುವುದನ್ನು ನೀವು ಒಪ್ಪಿ ಎಂಬ ಇಂಗಿತ ಅವರ ಮಾತಿನಲ್ಲಿತ್ತು. ಬರಿಗೈಯಲ್ಲಿ ಹಿಂದಿರುಗಿದರು.

ಕಿರಿಯ: ಒಪ್ಪಬೇಕಾಗಿತ್ತೆನ್ನುವಿರಾ? ಹತ್ತು ಮಂದಿ ಪೊಲೀಸರ ರಕ್ತ ಒಣಗಿ ಆರು ತಿಂಗಳಾಗಿತ್ತಷ್ಟೆ. ನಮ್ಮ ನಕ್ಷೆಯಲ್ಲಿದ್ದ ನೆಲದ ಮೇಲೆ ನಮಗೆ ತಿಳಿಸದೆ ರಸ್ತೆ ಹಾಕಿದವರು, ರಾತ್ರೋರಾತ್ರಿ ಬದುವಿನ ಕಲ್ಲನ್ನು ಸರಿಸಿದ ನೆರೆಯವನಂತೆ, ಬೆಳಗ್ಗೆ ಬಂದು ರಾಜಿಯಾಗೋಣವೆಂದರೆ ಸಂಸತ್ತಿಗೆ ಉತ್ತರ ಹೇಳಬೇಕಾದ ಪ್ರಧಾನಿ ಹೇಗೆ ಒಪ್ಪಿಯಾನು?

ಹಿರಿಯ: ಒಪ್ಪಬೇಕಾಗಿತ್ತೆಂದು ನಾನು ಹೇಳುವುದಿಲ್ಲ. ಸಂಸತ್ತು ಕೆರಳಿತ್ತು, ಅದು ಕೆರಳಿದ್ದರಲ್ಲಿ ಅನ್ಯಾಯವಿರಲಿಲ್ಲ. ವರ್ಷಗಟ್ಟಲೆ ವಿಷಯವನ್ನು ಜನರಿಂದ ಮರೆಯಾಗಿಟ್ಟಿದ್ದು ಒಮ್ಮೆಲೆ ಬಯಲಾದಾಗ ರಾಜಿಯ ದಾರಿಗಳು ತಾವಾಗಿಯೇ ಮುಚ್ಚಿಹೋಗಿದ್ದುವು. ಪ್ರಸ್ತಾಪವನ್ನು ನಿರಾಕರಿಸುವ ಹಕ್ಕು ನಮಗಿತ್ತು. ಆದರೆ ನಿರಾಕರಿಸಿದ ಮೇಲೆ ಎದುರಾಳಿಯ ಮನಸ್ಸು ಎತ್ತ ತಿರುಗಿತೆಂದು ತಿಳಿಯುವ ಕರ್ತವ್ಯ ಇಮ್ಮಡಿಯಾಗುತ್ತದೆ. ಅಲ್ಲಿ ನಾವು ಸೋತೆವು. 1961ರ ನವೆಂಬರಿನಲ್ಲಿ, ಗಡಿಯಲ್ಲಿ ಸಾಧ್ಯವಾದಷ್ಟು ಮುಂದಕ್ಕೆ ಸಣ್ಣ ಸಣ್ಣ ಠಾಣ್ಯಗಳನ್ನು ಹೂಡಬೇಕೆಂದು ದೆಹಲಿಯಲ್ಲಿ ತೀರ್ಮಾನವಾಯಿತು. ಬೇಹುಗಾರಿಕೆಯ ಇಲಾಖೆಯ ಅಭಿಪ್ರಾಯ, ಚೀನೀಯರು ಬಲಪ್ರಯೋಗ ಮಾಡಲಾರರೆಂದು. ಮುಂದಿನ ತಿಂಗಳು ಗೋವೆಯಲ್ಲಿ ಸುಲಭವಾದ ಗೆಲುವು. ಆ ಗೆಲುವು ದೆಹಲಿಯ ಮನಸ್ಸಿಗೆ ಒಳ್ಳೆಯದನ್ನು ಮಾಡಲಿಲ್ಲವೆಂದೆನಲ್ಲ, ಅದು ಇದಕ್ಕೇ. ವೇಕ್ ದ್ವೀಪದಲ್ಲಿ ಆಡಿದ ಮಾತನ್ನು ಈಗ ಸೌತ್ ಬ್ಲಾಕಿನಲ್ಲಿ ಆಡಿದರು. ಚೀನೀಯರ ಪ್ರತಿಭಟನೆಯ ಪತ್ರಗಳು ಒಂದರ ಮೇಲೊಂದು ಬಂದುವು, ಅವುಗಳ ಧ್ವನಿ ತಿಂಗಳು ತಿಂಗಳಿಗೆ ಬಿಗಿಯಾಯಿತು; ನಾವು ಅವಕ್ಕೆ ತರ್ಕಬದ್ಧವಾದ ಉತ್ತರಗಳನ್ನು ಬರೆದೆವು. ಹತ್ತು ಇಪ್ಪತ್ತು ಮಂದಿಯ ಠಾಣ್ಯಗಳು, ವಿಮಾನದಿಂದ ಬೀಳಿಸಿದ ಆಹಾರವನ್ನು ನಂಬಿಕೊಂಡು, ಅವರ ಬಂದೂಕುಗಳ ಎದುರಿಗೆ ನಿಂತುವು.

ಆ ಹೊತ್ತಿನಲ್ಲಿ ಒಬ್ಬರು ಸತ್ಯವನ್ನು ಹೇಳಿದರು. ಭೂಸೇನೆಯ ಮುಖ್ಯಸ್ಥರಾಗಿ 1961ರ ಮೇ ತಿಂಗಳಲ್ಲಿ ನಿವೃತ್ತರಾಗಿದ್ದ ತಿಮ್ಮಯ್ಯನವರು, 1962ರ ಜುಲೈಯಲ್ಲಿ 'ಸೆಮಿನಾರ್' ಪತ್ರಿಕೆಗೆ ಲೇಖನವೊಂದನ್ನು ಬರೆದರು. ಪಾಕಿಸ್ತಾನದೊಡನೆ ಪೂರ್ಣ ಯುದ್ಧದ ಸಂಭವವನ್ನು ತಾವು ಎಣಿಸಬಲ್ಲೆವೆಂದೂ, ಚೀನಾದೊಡನೆ ಭಾರತ ಒಂಟಿಯಾಗಿ ಬಹಿರಂಗ ಯುದ್ಧಕ್ಕೆ ಇಳಿಯುವುದನ್ನು ಸೈನಿಕರಾಗಿ ತಾವು ಕಲ್ಪಿಸಲೂ ಆರೆವೆಂದೂ, ನಮ್ಮ ಭದ್ರತೆಯನ್ನು ಆ ದಿಕ್ಕಿನಲ್ಲಿ ಕಾಯುವ ಹೊಣೆ ರಾಜಕಾರಣಿಗಳದೂ ರಾಯಭಾರಿಗಳದೂ ಎಂದೂ ಅದರಲ್ಲಿ ಸ್ಪಷ್ಟವಾಗಿ ತಿಳಿಸಿದರು. ಬರ್ಮಾದ ರಣರಂಗದಲ್ಲಿ ದಳವನ್ನು ನಡೆಸಿದವರು, ಕಾಶ್ಮೀರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿದವರು ಆಡಿದ ಮಾತು ಇದು. ಅವರನ್ನು ದುರ್ಬಲರೆಂದು ಕರೆಯುವ ನಾಲಗೆ ಯಾವುದಿದೆ? ಅಕ್ಟೋಬರ್ 12ರಂದು ಪ್ರಧಾನಿಯವರು ಸಿಂಹಳಕ್ಕೆ ಹೊರಟಾಗ, ನಮ್ಮ ನೆಲದಿಂದ ಚೀನೀಯರನ್ನು ತೆರವುಗೊಳಿಸಲು ಸೈನ್ಯಕ್ಕೆ ಅಪ್ಪಣೆಯಾಗಿದೆಯೆಂದು ಪತ್ರಕರ್ತರಿಗೆ ಹೇಳಿದರು. 20ರಂದು ಚೀನೀ ಸೈನ್ಯ ಎರಡು ಕಡೆಯಿಂದಲೂ ಇಳಿದು ಬಂತು. ಒಂದು ತಿಂಗಳಲ್ಲಿ ನಮ್ಮವರು ಸಾವಿರಕ್ಕೆ ಮಿಕ್ಕಿ ಸತ್ತರು, ಬಹುಮಂದಿ ಹತ್ತಿಯ ಉಡುಪಿನಲ್ಲಿ, ಹಿಮದಲ್ಲಿ. ಆಕ್ರಮಣ ಮಾಡಿದ ಪಾಪ ಚೀನಾದ್ದು, ಅದರಲ್ಲಿ ನನಗೆ ಸಂದೇಹವಿಲ್ಲ. ಅದು ಬರುತ್ತಿದೆಯೆಂಬ ಮಾತನ್ನು ಕೇಳದೆ ಹೋದದ್ದು ಈ ನಗರ.

ಕಿರಿಯ: ಗಾಲ್ವಾನಿನ ವಿಷಯವನ್ನು ತಾವು ಏನೆನ್ನುತ್ತೀರಿ? 2020ರ ಜೂನಿನ ಆ ರಾತ್ರಿ ಇಪ್ಪತ್ತು ಮಂದಿ ಹೋದರು. ನನ್ನ ತಮ್ಮ ಆಗ ಅಲ್ಲಿರಲಿಲ್ಲ, ಆದರೂ ನಮ್ಮ ತಾಯಿ ತಿಂಗಳುಗಟ್ಟಲೆ ನಿದ್ದೆ ಮಾಡಲಿಲ್ಲ. ಆಮೇಲೆ ಚುಶೂಲಿನಲ್ಲಿಯೂ ಮೋಲ್ಡೊದಲ್ಲಿಯೂ ಸೇನಾಧಿಕಾರಿಗಳು ಮತ್ತೆ ಮತ್ತೆ ಕುಳಿತು ಮಾತಾಡಿದರು. ನಾಲ್ಕು ವರ್ಷಕ್ಕೆ ಮಿಕ್ಕಿ ಹಿಡಿಯಿತು. ನಮ್ಮ ಸಾವಿರಾರು ಸೈನಿಕರು ಅಲ್ಲಿ ಚಳಿಗಾಲಗಳನ್ನು ಕಳೆಯದಿದ್ದರೆ ಆ ಮಾತಿಗೆ ಬೆಲೆಯಿರುತ್ತಿತ್ತೆ?

ಹಿರಿಯ: ಇರುತ್ತಿರಲಿಲ್ಲ. ನಿಮ್ಮ ತಮ್ಮನಂಥವರು ಅಲ್ಲಿ ನಿಂತದ್ದರಿಂದಲೇ ಮಾತಿಗೆ ಅವಕಾಶವಾಯಿತು. ಈ ಋಣವನ್ನು ಮರೆತು ಶಾಂತಿಯ ಮಾತಾಡುವವರ ಜತೆ ನನ್ನನ್ನು ಸೇರಿಸಬೇಡಿ. ಆದರೆ ನಾಲ್ಕು ವರ್ಷ ಎರಡು ಸೇನೆಗಳೂ ಎದುರುಬದುರಾಗಿ ನಿಂತಿದ್ದರೂ ಅದು 1962 ಆಗಲಿಲ್ಲವೇಕೆ? ಪ್ರತಿಯೊಂದು ಠಾಣ್ಯದ ಎದುರಿನಲ್ಲಿ ಅವರ ಉದ್ದೇಶವೇನೆಂದು ಗಂಟೆಗಟ್ಟಲೆ ಮೇಜಿನ ಮುಂದೆ ಕುಳಿತು ಕೇಳುವವರಿದ್ದರು, ಕೇಳಿದ್ದನ್ನು ದೆಹಲಿ ನಂಬಿತು, ತನ್ನ ಮಾತನ್ನೂ ಮುಟ್ಟಿಸಿತು. ದೆಪ್ಸಾಂಗ್, ದೆಮ್‌ಚೋಕ್‌ಗಳ ಗಸ್ತಿನ ವಿಚಾರದಲ್ಲಿ ಒಪ್ಪಂದವಾಯಿತೆಂದು ವಿದೇಶಾಂಗ ಕಾರ್ಯದರ್ಶಿಯವರು ಪ್ರಕಟಿಸಿದ್ದು 2024ರ ಅಕ್ಟೋಬರ್ 21ರಂದು. ನಾವು ಈಗ ನೋಡಿ ಬಂದ ಸ್ಮಾರಕಕ್ಕೆ ಕಾರಣವಾದ ತಾರೀಖೇ ಅದು. ಎಲ್ಲವೂ ಬಗೆಹರಿಯಿತೆಂದಲ್ಲ. ಗಡಿಯ ಪ್ರಶ್ನೆ ಇದ್ದಲ್ಲಿಯೇ ಇದೆ. ನಿಮ್ಮ ತಮ್ಮ ಇವತ್ತೂ ಅಲ್ಲಿಯೇ ನಿಲ್ಲಬೇಕಾಗಿದೆ.

ಕಿರಿಯ: ಹಾಗಾದರೆ, ಇನ್ನೊಂದು ನಡುರಾತ್ರಿ ಇಂಥದೇ ಸಂದೇಶವೊಂದು ಬಂದರೆ ದೆಹಲಿ ಕೇಳುತ್ತದೆಂದು ತಾವು ನಂಬುವಿರಾ?

ಹಿರಿಯ: ನಂಬಬೇಕೆಂದು ಆಸೆಯಿದೆ, ನಂಬುವುದಕ್ಕೆ ಬೇಕಾದ ಆಧಾರವನ್ನು ಮಾತ್ರ ನಮ್ಮ ಸರಕಾರಗಳೇ ನಮ್ಮಿಂದ ಮರೆಯಾಗಿಟ್ಟಿವೆ. 1962ರ ಸೋಲಿಗೆ ಕಾರಣವೇನೆಂದು ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್, ಬ್ರಿಗೇಡಿಯರ್ ಪ್ರೇಮ್ ಭಗತ್ ಇಬ್ಬರೂ ವಿಚಾರಿಸಿ 1963ರಲ್ಲಿ ವರದಿಯನ್ನು ಒಪ್ಪಿಸಿದರು. ಯಾವ ಪಕ್ಷದ ಸರಕಾರ ಬಂದರೂ ಅದನ್ನು ಪ್ರಕಟಿಸಲಿಲ್ಲ. 2014ರಲ್ಲಿ ಅದರ ಒಂದು ಭಾಗ ಹೊರಬಿದ್ದದ್ದು ಒಬ್ಬ ವಿದೇಶೀ ಪತ್ರಕರ್ತರ ಕೈಯಿಂದ. ಬಂದ ಎಚ್ಚರಿಕೆ ಎಲ್ಲಿ ತಡೆಯಿತು, ಯಾವ ಮೇಜಿನ ಮೇಲೆ ನಿಂತಿತು, ಅಪ್ರಿಯವನ್ನು ಹೇಳಿದವರಿಗೆ ಏನಾಯಿತು ಎಂಬುದನ್ನು ಓದಿ ತಿಳಿಯದೆ, ಮುಂದಿನ ಸಲ ಹಾಗಾಗದಂತೆ ನೋಡಿಕೊಳ್ಳುತ್ತೇವೆಂದು ಯಾರು ಭರವಸೆ ಕೊಟ್ಟಾರು?

ಕಿರಿಯ: ಆ ವರದಿಯನ್ನು ಕೇಳಿ ಒಂದು ಅರ್ಜಿ ಬರೆಯಬಹುದು. ಮಾಹಿತಿ ಹಕ್ಕಿನಲ್ಲಿ ಹಿಂದೆ ಕೇಳಿದವರಿಗೆ ನಿರಾಕರಣೆ ಸಿಕ್ಕಿದೆ, ಗೊತ್ತು. ಆದರೆ ಅಂದಿನಿಂದ ಈವರೆಗೆ ಕಾಲ ಬಹಳ ಕಳೆದಿದೆ. ಹೊಸ ಆಧಾರಗಳ ಮೇಲೆ ಸಂಸತ್ ಸದಸ್ಯರಿಗೂ ಒಂದು ಮನವಿ ಸಲ್ಲಿಸಬಹುದು. ಸಂಘದ ವಾಚನಾಲಯದಲ್ಲಿ ಕುಳಿತು ಇವತ್ತೇ ಕರಡು ಮಾಡುತ್ತೇನೆ. ತಾವು ಇಸವಿಗಳನ್ನು ನೋಡಿಕೊಟ್ಟರೆ ಸಾಕು.

ಹಿರಿಯ: ಇಸವಿಗಳನ್ನು ನೋಡುತ್ತೇನೆ, ಕೆಳಗೆ ರುಜುವನ್ನೂ ಹಾಕುತ್ತೇನೆ. ತಿಮ್ಮಯ್ಯನವರ ಲೇಖನದ ಉಲ್ಲೇಖವನ್ನು ಮೊದಲ ಪುಟದಲ್ಲಿಯೇ ಇಡಿ.